ಕುಕ್ಕರಕ್ಕನ ಏಳನೇ ಪ್ಲೇಟು

ಜೀವಶಾಸ್ತ್ರದ ಮೇಷ್ಟ್ರ ಮಾನ ಹೋದದ್ದು ಒಂದು ಸೀಲಿಂಗ್ ಫ್ಯಾನಿನ ದೆಸೆಯಿಂದ.

ಆ ಸೋಮವಾರ ಅವರು ಡಿಗ್ರಿ ಎರಡನೇ ವರ್ಷದವರಿಗೆ ಜೀವಕೋಶದ ಪಾಠ ಮಾಡುತ್ತಿದ್ದರು. ಹದಿನೆಂಟು ವರ್ಷದಿಂದ ಹೇಗೆ ಮಾಡುತ್ತ ಬಂದಿದ್ದರೋ ಹಾಗೆಯೇ: ಗೋಡೆಯ ಮೇಲೆ ಬೀಳುವ ಚಿತ್ರದ ಕಡೆ ಮುಖ, ವಿದ್ಯಾರ್ಥಿಗಳ ಕಡೆ ಬೆನ್ನು. ಚಿತ್ರ ಸ್ಪಷ್ಟವಾಗಿ ಕಾಣಲೆಂದು ಕಿಟಕಿಗಳಿಗೆಲ್ಲ ಕಪ್ಪು ಪರದೆ. ಕೋಣೆಗೆ ಹಿಂದೆಯೂ ಒಂದು ಬಾಗಿಲಿದೆ ಎಂಬುದನ್ನು ಮೇಷ್ಟ್ರು ಮರೆತಿದ್ದರು. ವಿದ್ಯಾರ್ಥಿಗಳು ಮರೆತಿರಲಿಲ್ಲ.

ಪಾಠ ಮುಗಿಸಿ ದೀಪ ಹಾಕಿ ತಿರುಗಿ ನೋಡುತ್ತಾರೆ, ಮೂವತ್ತೆರಡು ಜನರಲ್ಲಿ ಉಳಿದವರು ಮೂವರು. ಇಬ್ಬರು ಬೆಂಚಿನ ಮೇಲೆ ತಲೆಯಿಟ್ಟು ಸುಖನಿದ್ರೆಯಲ್ಲಿದ್ದರು. ಆದರೆ ಕೊನೆಯ ಬೆಂಚಿನಲ್ಲಿ ಒಬ್ಬ ಮಾತ್ರ ಗಲ್ಲಕ್ಕೆ ಕೈಕೊಟ್ಟು, ಕಣ್ಣರಳಿಸಿ, ಇಡೀ ಪಾಠವನ್ನು ಕುಡಿದವನಂತೆ ಕುಳಿತಿದ್ದ. ಮೇಷ್ಟ್ರ ಎದೆ ತುಂಬಿ ಬಂತು. ಒಬ್ಬನೇ ಆದರೂ ಸಾಕು ಅನ್ನಿಸಿತು.

"ನೀನು ಹೇಳಪ್ಪಾ. ಜೀವಕೋಶದ ಶಕ್ತಿಕೇಂದ್ರ ಯಾವುದು?"

ಅವನು ಎದ್ದು ನಿಂತು, "ಮೈಟೋಕಾಂಡ್ರಿಯ ಸಾರ್" ಅಂದ.

"ಭೇಷ್! ನಿನ್ನ ರೋಲ್ ನಂಬರ್ ಎಷ್ಟು?"

"ರೋಲ್ ನಂಬರ್ ಇಲ್ಲ ಸಾರ್. ನಾನು ಫ್ಯಾನ್ ರಿಪೇರಿಗೆ ಬಂದೋನು. ನೀವು ಮುಗಿಸ್ಲಿ ಅಂತ ಕೂತಿದ್ದೆ."

ಮೇಷ್ಟ್ರಿಗೆ ಗರ ಬಡಿದಂತಾಯಿತು. ಅದಕ್ಕಿಂತ ದೊಡ್ಡ ಗರ ಮುಂದಿನ ಬಾಗಿಲಲ್ಲಿ ನಿಂತಿತ್ತು. ಪ್ರಿನ್ಸಿಪಾಲ್ ಮೇಡಂ ಯಾವಾಗ ಬಂದಿದ್ದರೋ ಏನೋ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಎಲ್ಲವನ್ನೂ ನೋಡಿದ್ದರು.

"ರೀ ಮೇಷ್ಟ್ರೇ, ನನ್ನ ರೂಮಿಗೆ ಬನ್ನಿ. ಅವರನ್ನ ಕರ್ಕೊಂಡು ಬರೋದು ಬೇಡ, ಅವರಿಗೆ ಫ್ಯಾನ್ ಕೆಲಸ ಇದೆ."

ರೂಮಿನಲ್ಲಿ ಮೇಡಂ ಸುತ್ತಿ ಬಳಸಲಿಲ್ಲ. ಕೊನೆಯ ವರ್ಷಕ್ಕೆ ಯಾರ್ಯಾರು ಯಾವ ವಿಷಯ ತೆಗೆದುಕೊಳ್ಳುತ್ತಾರೆ ಎಂದು ಸಹಿ ಹಾಕುವ ಪುಸ್ತಕ ಆಫೀಸಿನ ಮೇಜಿನ ಮೇಲಿತ್ತು, ಕಳೆದುಹೋಗದಿರಲೆಂದು ದಾರ ಕಟ್ಟಿದ ಪೆನ್ನಿನ ಸಮೇತ. ಒಂದು ವಿಷಯ ಉಳಿಯಬೇಕಾದರೆ ಹನ್ನೆರಡು ಸಹಿ ಬೇಕು. ಜೀವಶಾಸ್ತ್ರಕ್ಕೆ ಬಿದ್ದಿದ್ದವು ನಾಲ್ಕು. ಅದರಲ್ಲೂ ಒಬ್ಬ ಪುಟ ತಪ್ಪಿ ಹಾಕಿದ್ದ, ಬದಲಾಯಿಸಿಕೊಡಿ ಎಂದು ಅರ್ಜಿ ಕೊಟ್ಟಿದ್ದ.

"ಮುಂದಿನ ವಾರ ಶುಕ್ರವಾರ ಸಂಜೆ ನಾಲ್ಕಕ್ಕೆ ಪುಸ್ತಕ ಮುಚ್ತೀನಿ. ಹನ್ನೆರಡು ಆಗ್ಲಿಲ್ಲ ಅಂದ್ರೆ ನಿಮ್ಮ ಲ್ಯಾಬು ಹಳೇ ಉತ್ತರಪತ್ರಿಕೆ ತುಂಬೋ ಗೋಡೌನು. ನೀವು ಪರೀಕ್ಷಾ ವಿಭಾಗಕ್ಕೆ. ನಿಮ್ಮ ಅಟೆಂಡರು ಗೇಟಿಗೆ."

ಆ ಅಟೆಂಡರು ಆಗ ಅಲ್ಲೇ, ಸಹಿಯ ಕಡತ ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

ಅವಳನ್ನು ಕಾಲೇಜಿನಲ್ಲಿ ಎಲ್ಲರೂ ಕರೆಯುತ್ತಿದ್ದುದು ಕುಕ್ಕರಕ್ಕ ಎಂದು. ಕಸ ಗುಡಿಸಲು ಮೂರು ತಿಂಗಳ ಮಟ್ಟಿಗೆ ಎಂದು ಬಂದವಳು, ಇಪ್ಪತ್ತನಾಲ್ಕು ವರ್ಷವಾದರೂ ಯಾರೂ ಹೋಗು ಅನ್ನಲಿಲ್ಲ, ಅವಳೂ ಕೇಳಲಿಲ್ಲ. ಓದಿದ್ದು ಏಳನೇ ಕ್ಲಾಸು. ಬಂದ ಮೂರನೇ ವರ್ಷ ಲ್ಯಾಬಿನ ಕ್ರಿಮಿಶುದ್ಧಿಯ ಯಂತ್ರ ಕೆಟ್ಟಿತು. ರಿಪೇರಿಗೆ ಬರೆದ ಕಾಗದಗಳು ಒಂದರ ಬೆನ್ನಿಗೆ ಒಂದು ಹೋಗುತ್ತಿದ್ದಾಗ ಅವಳು ಮನೆಯಿಂದ ತನ್ನ ಹಳೆಯ ಪ್ರೆಶರ್ ಕುಕ್ಕರ್ ತಂದು ಒಲೆಯ ಮೇಲಿಟ್ಟಳು. ಅಂದಿನಿಂದ ಗಾಜಿನ ಸಾಮಾನೆಲ್ಲ ಕುಕ್ಕರಿನಲ್ಲೇ. "ಒಳಗೆ ಇಪ್ಪತ್ತು ನಿಮಿಷ ಕೂರಿಸಿದ್ರೆ ಯಾವ ಹುಳವೂ ಬದುಕಲ್ಲ ಸಾರ್. ನನ್ನ ಅತ್ತೆ ಒಬ್ಬರು ಬದುಕಬಹುದು" ಎನ್ನುತ್ತಿದ್ದಳು. ನಗುತ್ತಿರಲಿಲ್ಲ. ನಗಿಸಿ ತಾನು ನಗದಿರುವುದು ಅವಳ ಹುಟ್ಟುಗುಣ.

ಅವಳಿಗೆ ಇನ್ನೆರಡು ಅಭ್ಯಾಸಗಳಿದ್ದವು. ಕೈ ತೊಳೆದರೆ ಒರೆಸಿಕೊಳ್ಳುತ್ತಿರಲಿಲ್ಲ, ಗಾಳಿಯಲ್ಲಿ ಝಾಡಿಸಿ ಒಣಗಿಸುತ್ತಿದ್ದಳು. ಆ ಹನಿಗಳು ಎಷ್ಟೋ ಸಲ ಮೇಷ್ಟ್ರ ಕನ್ನಡಕದ ಮೇಲೆ ಬಿದ್ದು, ಇದೆಂಥ ರೀತಿನೀತಿ ಎಂದು ಅವರು ಮನಸ್ಸಿನಲ್ಲೇ ಗೊಣಗಿದ್ದುಂಟು. ಇನ್ನೊಂದು, ಲ್ಯಾಬಿನಲ್ಲಿ ಯಾವುದರ ಮೇಲೂ ಹೆಸರು ಬರೆಯಲು ಬಿಡುತ್ತಿರಲಿಲ್ಲ. ಬರೀ ನಂಬರು. ಯಾವ ನಂಬರು ಯಾರದು ಎಂಬ ಚೀಟಿ ಬೀಗದಕೈ ಡಬ್ಬಿಯೊಳಗೆ. ಹಿಂದಿದ್ದ ಮೇಷ್ಟ್ರೊಬ್ಬರು ಅಂದಿನ ಪ್ರಿನ್ಸಿಪಾಲರು ಬೆರಳೊತ್ತಿದ ಪ್ಲೇಟಿನಲ್ಲಿ ಎದ್ದಿದ್ದ ನಲವತ್ತು ಸೂಕ್ಷ್ಮಜೀವಿಯ ಚುಕ್ಕೆಗಳನ್ನು ನಾಲ್ಕು ಎಂದು ಎಣಿಸಿದ್ದನ್ನು ಕಣ್ಣಾರೆ ಕಂಡ ಮೇಲೆ ಅವಳು ಮಾಡಿಕೊಂಡ ಕಾನೂನು ಅದು. "ಹೆಸರು ಕಂಡ್ರೆ ಕಣ್ಣು ದಾಕ್ಷಿಣ್ಯಕ್ಕೆ ಬೀಳತ್ತೆ ಸಾರ್" ಎನ್ನುವುದು ಅವಳ ಸಿದ್ಧಾಂತ. ಇದೇ ಮಾತಿಗೆ ದೊಡ್ಡ ಪುಸ್ತಕಗಳಲ್ಲಿ ಎಂಟು ಪುಟದ ಅಧ್ಯಾಯವಿದೆ. ಮೇಷ್ಟ್ರು ಆ ಅಧ್ಯಾಯವನ್ನು ಹದಿನೆಂಟು ವರ್ಷ ಪಾಠ ಮಾಡಿದ್ದರು. ಒಂದು ದಿನವೂ ಆಚರಿಸಿರಲಿಲ್ಲ.

ಏಕೆಂದರೆ ಆಚರಿಸಲು ಪ್ರಯೋಗವೇ ಇರಲಿಲ್ಲ. ಅವರು ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬ ಹುಡುಗಿ ಗಾಜು ಒಡೆದು ಬೆರಳು ಕೊಯ್ದುಕೊಂಡಿದ್ದಳು. ಹೊಸ ಮೇಷ್ಟ್ರು ಬೆಚ್ಚಿಬಿದ್ದು ಸಾಲುಸಾಲು ಬೋರ್ಡು ಬರೆಸಿದರು. ಮುಟ್ಟಬಾರದು, ತೆರೆಯಬಾರದು, ಒರಗಬಾರದು. ಬರೆಸಿದರು ಏನು, ತಮ್ಮ ದುಂಡನೆಯ ಅಕ್ಷರದಲ್ಲಿ ತಾವೇ ಬರೆದರು. ಅಲ್ಲಿಂದ ಸೂಕ್ಷ್ಮದರ್ಶಕಗಳು ಮುಸುಕು ಹೊದ್ದು ಮಲಗಿದವು. ವಿದ್ಯಾರ್ಥಿಗಳು ಎಂದೂ ನೋಡದ ಈರುಳ್ಳಿ ಸಿಪ್ಪೆಯ ಜೀವಕೋಶವನ್ನು ಹಿಂದಿನ ವರ್ಷದವರ ರೆಕಾರ್ಡಿನಿಂದ ನೋಡಿ ಬರೆದು, 'ನಾನು ಕಂಡದ್ದು' ಎಂದು ಕೆಳಗೆ ಗೆರೆ ಎಳೆಯುತ್ತಿದ್ದರು. ಮೇಷ್ಟ್ರು ಅದಕ್ಕೆ 'ನೋಡಲಾಯಿತು' ಎಂದು ಸಹಿ ಹಾಕುತ್ತಿದ್ದರು. ನೋಡದವರು ಬರೆದದ್ದನ್ನು ನೋಡದವರು ನೋಡಿದಂತಾಗಿ ವ್ಯವಹಾರ ಸಸೂತ್ರವಾಗಿತ್ತು.

ಪ್ರಿನ್ಸಿಪಾಲರ ರೂಮಿನಿಂದ ಹೊರಬಂದ ಮೇಲೆ ಮೇಷ್ಟ್ರು ಕಾರಿಡಾರಿನಲ್ಲೇ ನಿಂತುಬಿಟ್ಟರು.

"ಗೇಟಿಗೆ ಹಾಕ್ತಾರಂತೆ ಅಕ್ಕಾ, ನಿಮ್ಮನ್ನ."

"ಕೇಳಿಸ್ತು ಸಾರ್. ಗೇಟಿಗೆ ನಾನು, ಪರೀಕ್ಷೆಗೆ ನೀವು. ಕುಕ್ಕರ್ ಎಲ್ಲಿಗೆ ಅಂತ ಹೇಳ್ಲಿಲ್ಲ ಅವರು."

"ಏನು ಮಾಡೋಣ ಹೇಳಿ."

"ಒಂದಿನ ನೀವು ಬಾಯಿ ಮುಚ್ಕೊಂಡು ಪಾಠ ಮಾಡಿ ಸಾರ್. ಹುಡುಗ್ರು ಕೈಯಲ್ಲಿ ಮಾಡ್ಲಿ."

ಬೇರೆ ದಿನವಾಗಿದ್ದರೆ ಮೇಷ್ಟ್ರಿಗೆ ಸಿಟ್ಟು ಬರುತ್ತಿತ್ತು. ಅಂದು ಬರಲಿಲ್ಲ. ಸಿಟ್ಟು ಬರಲು ಸ್ವಲ್ಪವಾದರೂ ಮಾನ ಉಳಿದಿರಬೇಕು.

ಬುಧವಾರ ಲ್ಯಾಬಿನ ಬಾಗಿಲು ತೆರೆಯಿತು. ಕುಕ್ಕರಕ್ಕ ಬೆಳಗ್ಗೆಯೇ ಬಂದು ಸೂಕ್ಷ್ಮಜೀವಿಗಳನ್ನು ಬೆಳೆಸುವ ಅಗರಿನ ಗಂಜಿಯನ್ನು ಕುಕ್ಕರಿನಲ್ಲಿ ಬೇಯಿಸಿ, ಮುಚ್ಚಳವಿರುವ ಚಪ್ಪಟೆ ಪ್ಲೇಟುಗಳಿಗೆ ಹುಯ್ದು, ಹೆಪ್ಪುಗಟ್ಟಲು ಬಿಟ್ಟಿದ್ದಳು. ಮೂವತ್ತೆರಡರಲ್ಲಿ ಹತ್ತೊಂಬತ್ತು ಜನ ಬಂದಿದ್ದರು. ಬಾಗಿಲು ತೆರೆದಿದೆಯಂತೆ ಎಂಬ ಸುದ್ದಿಯೇ ಅರ್ಧ ಜನರನ್ನು ಎಳೆದು ತಂದಿತ್ತು. ಮುಂದೆ ನಿಂತಿದ್ದವಳು ಬ್ಯಾಟರಿ. ಸದಾ ಚಾರ್ಜರಿಗೆ ಪ್ಲಗ್ಗು ಹುಡುಕುವುದರಿಂದ ಆ ಹೆಸರು. ಅವಳು ಬಂದದ್ದೂ ಲ್ಯಾಬಿನಲ್ಲಿ ಪ್ಲಗ್ಗುಗಳು ಜಾಸ್ತಿ ಎಂಬ ಕಾರಣಕ್ಕೆ.

"ಬೆರಳು ಒತ್ರಿ, ಮುಚ್ಚಳ ಹಾಕ್ರಿ, ಟೇಪ್ ಸುತ್ರಿ. ಅಷ್ಟೇ" ಅಂದಳು ಕುಕ್ಕರಕ್ಕ.

"ಅಷ್ಟೇನಾ ಅಕ್ಕಾ? ಇದಕ್ಕೆ ಮಾರ್ಕ್ಸ್ ಇದ್ಯಾ?" ಬ್ಯಾಟರಿ ಕೇಳಿದಳು.

"ಇಲ್ಲ."

"ಹಾಗಾದ್ರೆ ಪರವಾಗಿಲ್ಲ" ಎಂದು ಅವಳು ಒತ್ತಿದಳು.

ಫ್ಯಾನಿನವನು ಅಂದು ಮತ್ತೆ ಬಂದಿದ್ದ, ಸೋಮವಾರ ಮಾಡಿದ ರಿಪೇರಿ ಮಂಗಳವಾರವೇ ಕೆಟ್ಟಿದ್ದರಿಂದ. ಕೈತುಂಬ ಕಪ್ಪು ಗ್ರೀಸು. ಬಾಗಿಲಲ್ಲಿ ಇಣುಕುತ್ತಿದ್ದವನನ್ನು ಕುಕ್ಕರಕ್ಕ, "ಬಾರಪ್ಪಾ ಮೈಟೋಕಾಂಡ್ರಿಯ, ನೀನೂ ಒತ್ತು" ಎಂದು ಕರೆದಳು. ಎಲ್ಲರೂ ಘೊಳ್ಳೆಂದು ನಕ್ಕರು. ಮೇಷ್ಟ್ರು ಮೈಕ್ರೋಸ್ಕೋಪಿನ ಮುಸುಕು ಸರಿಪಡಿಸುವವರಂತೆ ಆಚೆ ತಿರುಗಿದರು.

"ಸಾರ್, ನೀವೂ" ಅಂದಿತು ಒಂದು ದನಿ.

ಮೇಷ್ಟ್ರು ಅವಕಾಶ ಬಿಡಲಿಲ್ಲ. ಮಾದರಿ ಎಂದರೇನು ಎಂದು ತೋರಿಸಿಬಿಡೋಣ ಎಂದು ಲ್ಯಾಬಿನ ಎದುರು ಕಾರಿಡಾರಿನಲ್ಲಿದ್ದ ಸಿಂಕಿಗೆ ಹೋದರು. ಎಲ್ಲರೂ ನೋಡುತ್ತಿರುವಂತೆ ಶರ್ಟಿನ ತೋಳು ಮೇಲೇರಿಸಿ, ಸೋಪು ಹಚ್ಚಿ, ಉಗುರಿನ ಸಂದುಗಳನ್ನೂ ಬಿಡದೆ ತಿಕ್ಕಿ, ಪಕ್ಕದ ಮೊಳೆಗೆ ತೂಗುಬಿದ್ದ ಟವಲಿಗೆ ಹತ್ತೂ ಬೆರಳನ್ನು ಒಂದೊಂದಾಗಿ ಒರೆಸಿಕೊಂಡರು. ಶಸ್ತ್ರಚಿಕಿತ್ಸೆಗೆ ಹೊರಟ ವೈದ್ಯರಂತೆ ಕೈಗಳನ್ನು ಮೇಲೆತ್ತಿಕೊಂಡೇ ಬಂದು ಪ್ಲೇಟಿಗೆ ಒತ್ತಿದರು. ಕುಕ್ಕರಕ್ಕ ಅವರನ್ನೇ ನೋಡಿದಳು. ಏನೋ ಹೇಳುವಂತೆ ತುಟಿ ತೆರೆದು, ಮುಚ್ಚಿ, ಪ್ಲೇಟಿಗೆ ನಂಬರು ಅಂಟಿಸಿದಳು.

ಪ್ಲೇಟುಗಳು ಬಲ್ಬು ಉರಿಯುವ ಬೆಚ್ಚನೆಯ ಕಪಾಟಿನೊಳಗೆ ಬೋರಲಾಗಿ ಮಲಗಿದವು. ಎರಡು ದಿನ ಮೇಷ್ಟ್ರು ಮನೆಯಲ್ಲೂ ಅದನ್ನೇ ಜಪಿಸಿದರು.

"ರೀ, ಅದೇನು ಮಗು ಹುಟ್ಟೋದು ಕಾಯ್ತಿರೋರ ಥರ ಓಡಾಡ್ತಿದ್ದೀರಿ?" ಅಂದರು ಹೆಂಡತಿ.

"ನನ್ನ ಪ್ಲೇಟು ಕ್ಲೀನಾಗಿರತ್ತೆ ನೋಡ್ತಿರು. ಹುಡುಗ್ರಿಗೆ ಅದೇ ಪಾಠ."

"ಊಟದ ತಟ್ಟೆನೂ ಒಂದಿನ ಹಾಗೆ ತೊಳೆದಿಡಿ. ನನಗೂ ಅದು ಪಾಠ."

ಶುಕ್ರವಾರ ಕಪಾಟಿನ ಬಾಗಿಲು ತೆಗೆದಾಗ ಇಡೀ ಲ್ಯಾಬು ಹೌಹಾರಿತು. ಬುಧವಾರ ಏನೂ ಇಲ್ಲದಿದ್ದ ಕಡೆ ಊರು ಎದ್ದಿತ್ತು. ಬಿಳಿ ಚುಕ್ಕೆ, ಹಳದಿ ಚುಕ್ಕೆ, ಗುಲಾಬಿ ಗುಳ್ಳೆ, ಒಂದರ ಮೇಲೆ ಬೂದುಬಣ್ಣದ ತುಪ್ಪಳ. ಮುಚ್ಚಳದ ಮೇಲಿಂದಲೇ ನೋಡಿದ ಇಬ್ಬರು ಹಿಂದೆ ಸರಿದರು. ಒಬ್ಬ ತನ್ನ ಬೆರಳನ್ನು ದೇಹದಿಂದ ಆದಷ್ಟು ದೂರ ಚಾಚಿಕೊಂಡು ನಿಂತ, ಅದು ಯಾರದೋ ಬೆರಳೆಂಬಂತೆ.

"ಅಯ್ಯೋ! ಇದೆಲ್ಲಾ ನಮ್ಮ ಮೈಮೇಲೆ ಇತ್ತಾ?" ಬ್ಯಾಟರಿಯ ಕಣ್ಣು ಗೋಲಿಯಾಗಿತ್ತು.

"ಇತ್ತಾ ಏನು, ಈಗಲೂ ಇದೆ" ಅಂದಳು ಕುಕ್ಕರಕ್ಕ.

ಆದರೆ ಎಲ್ಲವನ್ನೂ ಮೀರಿಸಿದ್ದು ಏಳನೇ ನಂಬರಿನ ಪ್ಲೇಟು. ಅದರಲ್ಲಿ ಎಣಿಸಲು ಚುಕ್ಕೆಗಳೇ ಇರಲಿಲ್ಲ. ತುದಿಯಿಂದ ತುದಿಗೆ ಲೋಳೆಯ ಅಲೆಗಳು ಒಂದರ ಮೇಲೊಂದು ಹಬ್ಬಿ, ಮುಚ್ಚಳಕ್ಕೂ ಅಂಟಿದ್ದವು. ಅದನ್ನು ಕಂಡದ್ದೇ ತಡ, ಮೇಷ್ಟ್ರಿಗೆ ಎರಡು ದಿನದಿಂದ ಕಟ್ಟಿಟ್ಟಿದ್ದ ಮಾತು ಬಾಯಿಗೆ ಬಂತು.

"ನೋಡಿ! ಇದು ಯಾರದೋ ನನಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಆದರೆ ಈ ಮನುಷ್ಯ ಯಾರೇ ಆಗಿರಲಿ, ಮನೆಯಲ್ಲಿ ಇವನಿಗೆ ಕೈ ತೊಳೆಯೋದನ್ನ ಹೇಳಿಕೊಟ್ಟಿಲ್ಲ. ಇಂಥವರ ಪಕ್ಕ ಕೂತು ಊಟ ಮಾಡೋರ ಗತಿ ಏನು? ಇಂಥವರು ಕೈಕುಲುಕಲು ಬಂದರೆ ದೂರದಿಂದಲೇ ನಮಸ್ಕಾರ ಹೇಳಿ!"

ಹತ್ತು ನಿಮಿಷ ಹೀಗೇ ಸಾಗಿತು. ಅವರ ಜೀವಮಾನದಲ್ಲಿ ಅಷ್ಟು ಗಮನವಿಟ್ಟು ಕೇಳಿದ ತರಗತಿ ಇನ್ನೊಂದಿರಲಿಲ್ಲ. ಪ್ರತಿಯೊಬ್ಬರೂ ಏಳು ತಮ್ಮದಿರಬಹುದೇ ಎಂದು ಬೆವರುತ್ತಿದ್ದರು.

"ಅಕ್ಕಾ, ಚೀಟಿ ಓದಿ" ಅಂದಳು ಬ್ಯಾಟರಿ.

ಕುಕ್ಕರಕ್ಕ ಬೀಗದಕೈ ಡಬ್ಬಿ ತೆರೆದು ಚೀಟಿ ಬಿಡಿಸಿದಳು. "ಒಂದು, ಬ್ಯಾಟರಿ. ಮೂವತ್ತೆಂಟು ಚುಕ್ಕೆ. ನಾಲ್ಕು, ಫ್ಯಾನಿನವರು. ಐದೇ ಚುಕ್ಕೆ. ಏಳು..." ಚೀಟಿಯನ್ನು ಸ್ವಲ್ಪ ದೂರ ಹಿಡಿದಳು. "ಏಳು, ಸಾರು."

"ಯಾವ ಸಾರು?" ಅಂದರು ಮೇಷ್ಟ್ರು.

"ಇಲ್ಲಿರೋದು ನೀವೊಬ್ಬರೇ ಸಾರ್."

ಮೇಷ್ಟ್ರು ತಮ್ಮ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಲು ಹೋಗಿ, ಜೇಬಿನ ಬಗ್ಗೆ ಯೋಚನೆ ಬಂದು, ಹೊರತೆಗೆದು, ಕೊನೆಗೆ ಇಳಿಬಿಟ್ಟುಕೊಂಡು ನಿಂತರು. ಇನ್ನು ನಗು ಸಿಡಿಯುತ್ತದೆ ಎಂದು ಕಣ್ಣು ಮುಚ್ಚಿದರು.

ನಗು ಸಿಡಿಯಲಿಲ್ಲ. ಬ್ಯಾಟರಿ ಹುಬ್ಬು ಗಂಟಿಕ್ಕಿಕೊಂಡು ಏಳನೇ ಪ್ಲೇಟನ್ನು ದೀಪಕ್ಕೆ ಹಿಡಿದಿದ್ದಳು.

"ಸಾರ್, ಇದು ಸರಿ ಹೋಗ್ತಿಲ್ಲ. ನಮ್ಮಲ್ಲಿ ಕೈ ತೊಳೆದಿದ್ದು ನೀವೊಬ್ಬರೇ. ಗ್ರೀಸು ಮೆತ್ಕೊಂಡಿದ್ದ ಅಣ್ಣಂದು ಐದು. ತೊಳೆದಿರೋ ನಿಮ್ಮದು ಹೀಗೆ. ಯಾಕೆ?"

ಹದಿನೆಂಟು ವರ್ಷದಲ್ಲಿ ಮೇಷ್ಟ್ರಿಗೆ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳೆಂದರೆ ಎರಡೇ: ಇದು ಪರೀಕ್ಷೆಗೆ ಬರುತ್ತಾ, ಎಷ್ಟು ಪುಟ ಬರೆಯಬೇಕು. ಇದು ಮೂರನೆಯದು.

"ನನಗೆ ಗೊತ್ತಿಲ್ಲ" ಅಂದರು.

ಏಳನೇ ಪ್ಲೇಟಿಗಿಂತ ಹೆಚ್ಚು ಆಘಾತವಾದದ್ದು ಇದರಿಂದ. ಮೇಷ್ಟ್ರ ಬಾಯಿಂದ ಅಂಥ ಮಾತು ಹೊರಬೀಳಬಹುದು ಎಂದು ಯಾರೂ ಅಂದುಕೊಂಡಿರಲಿಲ್ಲ. ಆಮೇಲೆ ಒಮ್ಮೆಲೇ ಗಲಾಟೆ ಎದ್ದಿತು.

"ನೀರೇ ಗಲೀಜಿರಬೇಕು!"

"ಇಲ್ಲ ಕಣೋ, ಸೋಪು. ಅದು ನೆನೆದು ಕೊಳೆತಿದೆ."

"ಒರೆಸ್ಕೊಂಡಿದ್ದು?"

"ಒಂದೊಂದನ್ನೇ ಬೇರೆ ಬೇರೆ ಮಾಡ್ಬೇಕು" ಅಂದಳು ಬ್ಯಾಟರಿ. ಅವಳ ಫೋನು ಚಾರ್ಜಿಲ್ಲದೆ ಸತ್ತು ಒಂದು ಗಂಟೆಯಾಗಿತ್ತು. ಅದು ಅವಳಿಗೆ ಗೊತ್ತೇ ಇರಲಿಲ್ಲ. "ನೀರಿಗೆ ಒಂದು ಪ್ಲೇಟು, ಸೋಪಿಗೆ ಒಂದು, ತೊಳೆದು ಗಾಳಿಗೆ ಒಣಗಿಸಿದ್ದಕ್ಕೆ ಒಂದು, ಟವಲಿಗೆ ಒಂದು. ಅಕ್ಕಾ, ಸೋಮವಾರ ಪ್ಲೇಟು ಸಿಗತ್ತಾ?"

"ಕುಕ್ಕರ್ ಖಾಲಿ ಇದೆ" ಅಂದಳು ಕುಕ್ಕರಕ್ಕ.

ಸೋಮವಾರ ಇಪ್ಪತ್ತೇಳು ಜನ ಬಂದರು. ಬುಧವಾರ ಉತ್ತರವೂ ಬಂತು. ನೀರಿನ ಪ್ಲೇಟಿನಲ್ಲಿ ಮೂರು ಚುಕ್ಕೆ. ಸೋಪಿನದರಲ್ಲಿ ಒಂಬತ್ತು. ಗಾಳಿಗೆ ಒಣಗಿಸಿದ ಕೈಯದು ಎರಡು. ಟವಲಿನ ಪ್ಲೇಟನ್ನು ನೋಡಿದವರು ಯಾರೂ ಏನೂ ಎಣಿಸಲಿಲ್ಲ, ಒಬ್ಬ ಮಾತ್ರ "ಇದು ಸಾರ್ ಪ್ಲೇಟಿನ ತಮ್ಮನ ಥರ ಇದೆ" ಅಂದ. ಅದೇ ಲೋಳೆ, ಅದೇ ಅಲೆ. ಸುದ್ದಿ ಕಾರಿಡಾರಿನುದ್ದಕ್ಕೂ ಹಬ್ಬಿತು. ಆ ಸಿಂಕು ಅಧ್ಯಾಪಕರೆಲ್ಲರಿಗೂ ಸೇರಿದ್ದು. ಇತಿಹಾಸದ ಮೇಷ್ಟ್ರು ಬಾಯಿಗೆ ಇಡುತ್ತಿದ್ದ ಬಿಸ್ಕತ್ತನ್ನು ಕೆಳಗಿಟ್ಟರು. ಪ್ರಿನ್ಸಿಪಾಲ್ ಮೇಡಂ ಬಂದು ಪ್ಲೇಟು ನೋಡಿದರು, ತಮ್ಮ ಕೈ ನೋಡಿಕೊಂಡರು, ಅರ್ಧ ದಿನ ರಜೆ ಹಾಕಿ ಮನೆಗೆ ಹೋದರು.

ಆದರೂ ಸಹಿಯ ಪುಸ್ತಕದ ಲೆಕ್ಕ ಬೇರೆ. ಶುಕ್ರವಾರ ಮೂರೂವರೆಗೆ ಮೇಷ್ಟ್ರು ಆಫೀಸಿನ ಬಾಗಿಲಲ್ಲಿ ಕಂಬದಂತೆ ನಿಂತಿದ್ದರು. ಪುಟ ತಪ್ಪಿ ಹಾಕಿದ್ದವನು ಅರ್ಜಿ ಹರಿದು ಹಾಕಿದ್ದ. ಹೊಸದಾಗಿ ಏಳು ಜನ ದಾರದ ಪೆನ್ನಿನಲ್ಲಿ ಸಹಿ ಮಾಡಿದ್ದರು. ಒಟ್ಟು ಹನ್ನೊಂದು. ಬ್ಯಾಟರಿಯ ಪತ್ತೆಯಿಲ್ಲ. ಮೇಷ್ಟ್ರು ಹೋಗಿ ಕರೆಯಲು ಹೊರಟರೆ ಕುಕ್ಕರಕ್ಕ ತಡೆದಳು.

"ಕೈ ಹಿಡಿದು ಸಹಿ ಹಾಕಿಸ್ಬೇಡಿ ಸಾರ್. ಹಾಗೆ ಬಂದ್ರೆ ಹಿಂದಿನ ಬಾಗಿಲಲ್ಲಿ ಹೋಗ್ತಾರೆ."

ನಾಲ್ಕಕ್ಕೆ ಐದು ನಿಮಿಷ. ಮೇಡಂ ಪುಸ್ತಕದ ಕಡೆ ಕೈ ಚಾಚಿದರು. ಆಗ ಬ್ಯಾಟರಿ ಎರಡು ಕೈಯಲ್ಲೂ ಒಂದೊಂದು ಪ್ಲೇಟು ಹಿಡಿದು, ಭುಜದಿಂದ ಬಾಗಿಲು ತಳ್ಳಿಕೊಂಡು ಒಳನುಗ್ಗಿದಳು.

"ಮೇಡಂ, ಇವನ್ನ ಸ್ವಲ್ಪ ಹಿಡ್ಕೊಳ್ಳಿ. ಸಹಿ ಮಾಡ್ಬೇಕು."

ಮೇಡಂ ಗಾಬರಿಯಲ್ಲಿ ಹಿಡಿದುಕೊಂಡರು. "ಪೆನ್ನು ಅಲ್ಲೇ ಇದೆಯಲ್ಲಮ್ಮಾ, ದಾರದಲ್ಲಿ."

"ಅದು ಬೇಡ ಮೇಡಂ, ನಂದು ತಂದಿದ್ದೀನಿ" ಎಂದು ಬ್ಯಾಟರಿ ಜೇಬಿನಿಂದ ಪೆನ್ನು ತೆಗೆದು ಹನ್ನೆರಡನೇ ಸಹಿ ಹಾಕಿದಳು. "ನಿಮ್ಮ ಕೈಯಲ್ಲಿರೋದು ಆ ಪೆನ್ನಿಂದೇ ಪ್ಲೇಟು. ಎಡಗಡೇದು ಮುಚ್ಚಳ, ಬಲಗಡೇದು ಹಿಡಿ. ಬುಧವಾರ ಹತ್ತೀಲಿ ಒರೆಸಿ ಪ್ಲೇಟಿಗೆ ಹಚ್ಚಿಟ್ಟಿದ್ದೆ."

ಮೇಡಂ ಕೆಳಗೆ ನೋಡಿದರು. ಅವರ ಬಾಯಿಂದ ಹೊರಟ ಸದ್ದನ್ನು ಕೇಳಿ ಟೈಪಿಸ್ಟು ಎದ್ದು ನಿಂತ. ಸಹಿ ಹಾಕಿ ಹೊರಗೆ ಹರಟುತ್ತಿದ್ದ ನಾಲ್ವರು ಒಳಗೆ ಇಣುಕಿ, ಪ್ಲೇಟು ನೋಡಿ, ಬೆರಳು ನೋಡಿಕೊಂಡು, ಸಿಂಕಿನ ಕಡೆ ಓಡಿದರು. ಅರ್ಧ ದಾರಿಯಲ್ಲಿ ಟವಲಿನ ನೆನಪಾಗಿ ಅಲ್ಲೇ ನಿಂತರು.

ಗೋಡೆಯ ಗಡಿಯಾರ ನಾಲ್ಕು ಹೊಡೆಯಿತು. ಮೇಡಂ ಪುಸ್ತಕವನ್ನು ಮೊಣಕೈಯಿಂದ ಮುಚ್ಚಿದರು.

ಮೇಷ್ಟ್ರು ಲ್ಯಾಬಿಗೆ ಮರಳಿದಾಗ ಕುಕ್ಕರಕ್ಕ ಹಳೆಯ ಪ್ಲೇಟುಗಳನ್ನೆಲ್ಲ ಕುಕ್ಕರಿಗೆ ತುಂಬುತ್ತಿದ್ದಳು. ಏಳನೆಯದನ್ನು ಇಕ್ಕಳದಲ್ಲಿ ಹಿಡಿದು, ಕೊನೆಯ ಸಲ ನೋಡುವುದಾದರೆ ನೋಡಿ ಎಂಬಂತೆ ಅವರತ್ತ ತಿರುಗಿಸಿದಳು. ಮೇಷ್ಟ್ರು ಬೇಡವೆಂದು ತಲೆಯಾಡಿಸಿದರು. ಇಕ್ಕಳದಲ್ಲೇ ಎತ್ತಿ ತಂದ ಟವಲು ಅದಾಗಲೇ ಕುಕ್ಕರಿನ ತಳದಲ್ಲಿತ್ತು.

ಕೆಲಸ ಮುಗಿಸಿ ಅವಳು ಸಿಂಕಿಗೆ ಹೋಗಿ ಕೈ ತೊಳೆದು, ಎಂದಿನಂತೆ ಗಾಳಿಯಲ್ಲಿ ಝಾಡಿಸಿದಳು. ಎರಡು ಹನಿ ಹಿಂದೆಯೇ ಬಂದಿದ್ದ ಮೇಷ್ಟ್ರ ಕನ್ನಡಕಕ್ಕೆ ಬಿದ್ದವು. ಇಂದು ಅವರು ಗೊಣಗಲಿಲ್ಲ. ಅವರಿಗೆ ಥಟ್ಟನೆ ಏನೋ ಹೊಳೆಯಿತು.

"ಅಕ್ಕಾ, ನಿಮಗೆ ಆ ಟವಲಿನ ವಿಷಯ ಮೊದಲೇ ಗೊತ್ತಿತ್ತು, ಅಲ್ವಾ?"

"ಗೊತ್ತಿತ್ತು ಸಾರ್."

"ಲ್ಯಾಬಲ್ಲಿ ಒಂದು ಚಮಚಾನೂ ಬಿಡಲ್ಲ ನೀವು, ಎಲ್ಲಾ ಕುದಿಸ್ತೀರಿ. ಅದೊಂದನ್ನ ಮಾತ್ರ ಇಷ್ಟು ವರ್ಷ ಯಾಕೆ ಒಗೀಲಿಲ್ಲ?"

ಕುಕ್ಕರಕ್ಕ ಒದ್ದೆ ಬೆರಳಿನಿಂದ ಖಾಲಿ ಮೊಳೆಯ ಮೇಲಿನ ಗೋಡೆ ತೋರಿಸಿದಳು. ಅಲ್ಲಿ ಹದಿನೆಂಟು ವರ್ಷದ ಹಳೆಯ ಬೋರ್ಡೊಂದು ದುಂಡನೆಯ ಅಕ್ಷರದಲ್ಲಿ ಇನ್ನೂ ಗಟ್ಟಿಯಾಗಿ ಕೂತಿತ್ತು.

"'ಟವಲು ಅಧ್ಯಾಪಕರಿಗೆ ಮಾತ್ರ, ಅಟೆಂಡರುಗಳು ಮುಟ್ಟಬಾರದು' ಅಂತ ನೀವೇ ಬರೆದಿದ್ರಲ್ಲ ಸಾರ್."